ಅಳತೆಯ ಕಲ್ಲಿಗೆ ವಿಭೂತಿ ಹಚ್ಚಿದ್ದು

ಮಣ್ಣು ಮತ್ತು ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಹೋದ ಬೇಸಿಗೆಯವರೆಗೂ ನಾನು ದೃಢವಾಗಿ ನಂಬಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅದರಲ್ಲೂ ಗಣಿತವು ನನ್ನನ್ನು ಒಮ್ಮೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ, ಎರಡನೆಯ ಸಲ ಕನಿಕರದಿಂದ ಒಳಗೆ ಬಿಟ್ಟುಕೊಂಡಿತ್ತು. ಆದರೇನು, ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಭತ್ತ ನೆನೆಸುವ ತೊಟ್ಟಿಗಳ ಮುಂದೆ ನನ್ನ ಹರೆಯವೆಲ್ಲ ಕಳೆದಿದೆ. ಒಣಗಿದ ಕಾಳು ನೀರು ಕುಡಿದು ಹೇಗೆ ಉಬ್ಬುತ್ತದೆ, ಯಾವಾಗ ಸಾಕು ಎನ್ನುತ್ತದೆ, ಯಾವಾಗ ಸಿಪ್ಪೆ ಬಿರಿಯುತ್ತದೆ ಎಂಬುದನ್ನು ತೊಟ್ಟಿಯಲ್ಲಿ ಕೈ ಅದ್ದಿ ಹೇಳುತ್ತಿದ್ದೆ. ಇಂಥ ಅನುಭವಸ್ಥ ಮನೆಯಲ್ಲಿರುವಾಗ ನನ್ನ ತಮ್ಮನ ಮಗಳು ಗೌರಿ ಕಂಪ್ಯೂಟರನ್ನು ನಂಬಿ ಕೂತಿದ್ದಳು. ಪಾಪ ಎಂದುಕೊಂಡಿದ್ದೆ.

ಗೌರಿಯ ಅಪ್ಪನದು ದೇವದುರ್ಗದಲ್ಲಿ ಬಟ್ಟೆ ಅಂಗಡಿ. ಅವಳು ರಾಯಚೂರಿನ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ಏನವ್ವಾ ಎಂದು ಕೇಳಿದಾಗ ಅವಳು ನಮ್ಮ ಪಡಸಾಲೆಯಲ್ಲಿ ಕೂತು ವಿವರಿಸಿದಳು.

"ದೊಡ್ಡಪ್ಪಾ, ನಮ್ಮ ಎರಿ ಮಣ್ಣಿನಾಗ ನೀರು ಇಳಿದ್ರ ಮಣ್ಣು ಉಬ್ಬತದ. ಮಣ್ಣು ಉಬ್ಬಿದ್ರ ಒಳಗಿನ ಸಂದಿ ಎಲ್ಲಾ ಮುಚ್ಚಿ ನೀರಿನ ದಾರಿ ಬದಲಾಗ್ತದ. ದಾರಿ ಬದಲಾದ್ರ ಉಬ್ಬೋದೂ ಬದಲಾಗ್ತದ. ಅದಕ್ಕ ನೀರಿಂದು ಬ್ಯಾರೆ, ಮಣ್ಣಿಂದು ಬ್ಯಾರೆ ಲೆಕ್ಕ ಹಾಕಾಕ ಬರಂಗಿಲ್ಲ. ಎರಡೂ ಕೂಡಿಸಿ ಒಮ್ಮೆಲೆ ಹಾಕಬೇಕು."

ನನ್ನ ಹೆಂಡತಿ ಶರಣಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಗಂಡಾ ಹೆಂಡ್ತಿ ಲೆಕ್ಕ ಇದ್ದಂಗ ಅದ ಬಿಡವ್ವಾ. ಇವರ ಸಿಟ್ಟು ಏರಿದ್ರ ನಂದು ಏರ್ತದ. ನಂದು ಏರಿದ್ರ ಇವರದು ಇಳೀತದ."

"ಇಷ್ಟು ಚಂದ ನಮ್ಮ ಸರ್ ಸೈತ ಹೇಳಿಲ್ಲ ದೊಡ್ಡವ್ವಾ," ಎಂದಳು ಗೌರಿ.

ಅವಳ ಕಂಪ್ಯೂಟರು ನೆಲವನ್ನು ಚೌಕಾಬಾರದ ಮನೆಗಳಂತೆ ಸಣ್ಣ ಸಣ್ಣ ಚೌಕ ಮಾಡಿಕೊಳ್ಳುತ್ತದೆ. ಒಂದೊಂದು ಮನೆಯಲ್ಲೂ ನೀರೆಷ್ಟು, ಉಬ್ಬರವೆಷ್ಟು ಎಂದು ಲೆಕ್ಕ ಹಾಕಿ ಪಕ್ಕದ ಮನೆಗೆ ಸುದ್ದಿ ಮುಟ್ಟಿಸುತ್ತದೆ. ಪಕ್ಕದ ಮನೆ ಅದನ್ನು ಕೇಳಿ ತನ್ನ ಲೆಕ್ಕ ತಿದ್ದಿಕೊಂಡು ಅದರ ಪಕ್ಕದ ಮನೆಗೆ ಹೇಳುತ್ತದೆ. ನಮ್ಮ ಓಣಿಯ ಹೆಂಗಸರು ಯಾವ ಕರೆಂಟೂ ಇಲ್ಲದೆ ಇದನ್ನೇ ಮಾಡುತ್ತಾರೆ ಎಂದು ನಾನು ಹೇಳಿದೆ. ಗೌರಿ ನಕ್ಕಳು. ಆದರೆ ಅದರ ಉಪಯೋಗ ಕೇಳಿದ ಮೇಲೆ ನಾನು ನಗಲಿಲ್ಲ. ನಮ್ಮ ಮಾನ್ವಿಯಲ್ಲಿ ಕಪ್ಪು ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳ ಗೋಡೆ ಬಿರಿಯುವುದು ಎಲ್ಲರಿಗೂ ಗೊತ್ತು. ಲೆಕ್ಕ ಸರಿ ಬಂದರೆ ಎಲ್ಲಿ ಎಷ್ಟು ಉಬ್ಬುತ್ತದೆ ಎಂದು ಮೊದಲೇ ತಿಳಿದು, ಅದಕ್ಕೆ ತಕ್ಕ ಬುನಾದಿ ಹಾಕಬಹುದು.

ಲೆಕ್ಕ ಸರಿಯೋ ತಪ್ಪೋ ಎಂದು ನಿಜವಾದ ನೆಲದ ಮೇಲೆ ನೋಡಬೇಕಲ್ಲ? ಅದಕ್ಕೆ ನಮ್ಮ ಮನೆಯ ಪಕ್ಕದ ಖಾಲಿ ಜಾಗ ಆಯ್ಕೆಯಾಯಿತು. ಬೇಸಿಗೆಯಲ್ಲಿ ಹೊಲಗಳ ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಈ ನೆಲ ಒಣಗುತ್ತ ಕುಗ್ಗುತ್ತ ಹೋಗುತ್ತದೆ, ಮಳೆಗಾಲದವರೆಗೆ ಇಷ್ಟು ಇಳಿಯುತ್ತದೆ ಎಂದು ಕಂಪ್ಯೂಟರು ಆಗಲೇ ಭವಿಷ್ಯ ನುಡಿದಿತ್ತು. ಗೌರಿ ದೇವದುರ್ಗದಿಂದ ಒಂದು ಕರಿಕಲ್ಲು ಕಡೆಸಿ ತಂದು ಅರ್ಧ ನೆಲದಲ್ಲಿ ಹೂಳಿಸಿದಳು. ಅಳತೆಯ ಕೋಲು ಒಂದೇ ಬಿಂದುವಿನಲ್ಲಿ ಕೂರಲಿ ಎಂದು ಅದರ ತಲೆ ದುಂಡಗಿತ್ತು. ಪಕ್ಕದಲ್ಲಿ ಒಂದು ಕಬ್ಬಿಣದ ಸಲಾಕೆ. ಅದನ್ನು ಎರೆ ಮಣ್ಣಿನ ಕೆಳಗಿನ ಗಟ್ಟಿ ಗರಸಿನ ಪದರದವರೆಗೂ ಇಳಿಸಿದ್ದರಿಂದ ಅದು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಕಲ್ಲು ಮಾತ್ರ ಮಣ್ಣಿನ ಜೊತೆ ಏರುತ್ತದೆ, ಇಳಿಯುತ್ತದೆ. ಭಾನುವಾರಕ್ಕೊಮ್ಮೆ ಅವಳು ಬಂದು, ಸಲಾಕೆಯ ಮೇಲಿನ ಗೆರೆಗಳಿಗೆ ಹೋಲಿಸಿ ಕಲ್ಲು ಎಷ್ಟು ಇಳಿದಿದೆ ಎಂದು ನೋಡುವುದು.

"ದೊಡ್ಡಪ್ಪಾ, ನಿಮಗ ಒಂದ ಕೆಲಸ. ಇದನ್ನ ಯಾರೂ ಮುಟ್ಟಬಾರದು. ನನ್ನ ಪಿಎಚ್‌ಡಿ ಎಲ್ಲಾ ಈ ಕಲ್ಲಿನ ಮ್ಯಾಲ ಕುಂತದ."

"ನಾ ಇರೋತನಕ ಗಾಳಿನೂ ಮುಟ್ಟಂಗಿಲ್ಲ, ಹೋಗು," ಎಂದೆ.

ಗಾಳಿ ನಿಜಕ್ಕೂ ಮುಟ್ಟಲಿಲ್ಲ. ಮರುದಿನ ಹಿಂದಿನ ಮನೆಯ ಎಮ್ಮೆ ಬಂದು ಕಲ್ಲಿಗೆ ಮೈ ತಿಕ್ಕಿಕೊಂಡಿತು. ಅದರ ಮರುದಿನ ಯಾರೋ ಸಲಾಕೆಗೆ ಆಡು ಕಟ್ಟಿದರು. ನಾನು 'ಯಾರೂ ಮುಟ್ಟಬಾರದು' ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಅಲ್ಲಿಯತನಕ ಆ ಕಡೆ ತಿರುಗಿಯೂ ನೋಡದಿದ್ದ ಜನ ಈಗ ನಿಂತು ಓದಿ, ಯಾಕೆ ಮುಟ್ಟಬಾರದು ಎಂದು ಮುಟ್ಟಿ ನೋಡಿ ಮುಂದೆ ಹೋಗತೊಡಗಿದರು.

ಆಗ ನನ್ನ ತಲೆಗೆ ಆ ಉಪಾಯ ಹೊಳೆಯಿತು. ಸ್ನಾನ ಮಾಡಿ ಹಣೆಗೆ ವಿಭೂತಿ ಧರಿಸಿದವನು, ಅದೇ ಬೆರಳಿನಲ್ಲಿ ಹೋಗಿ ಕಲ್ಲಿಗೂ ಮೂರೆಳೆ ಎಳೆದುಬಂದೆ.

ಪರಿಣಾಮ ತಕ್ಷಣ ಕಾಣಿಸಿತು. ಎಮ್ಮೆಯ ಮಾಲಕ ಎಮ್ಮೆಯನ್ನು ಎಳೆದುಕೊಂಡು ಹೋಗಿ, ತಿರುಗಿ ಬಂದು ಕೈ ಮುಗಿದ. ಆಡು ಬೇರೆ ಕಂಬ ಹುಡುಕಿಕೊಂಡಿತು. ನಾನು ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತೆ. ಕಂಪ್ಯೂಟರು ಇಂಥದ್ದೊಂದು ಉಪಾಯ ಹೇಳಲಿ ನೋಡೋಣ ಎಂದುಕೊಂಡೆ.

ಸೋಮವಾರ ಎದುರುಮನೆಯ ಈರಮ್ಮ ಗುಡಿಗೆ ಹೊರಟವಳು ನಿಂತಳು. "ಕಾಕಾ, ಇದು ಯಾವಾಗ ಆತು? ನಮಗ ಒಂದ ಮಾತು ಹೇಳಬಾರದೇನು?" ಎಂದಳು. ಉತ್ತರ ಕೊಡುವ ಮೊದಲೇ ಕೈಯಲ್ಲಿದ್ದ ತಂಬಿಗೆಯ ನೀರನ್ನು ಕಲ್ಲಿನ ತಲೆಯ ಮೇಲೆ ಸುರಿದು ಎರಡು ಹೂವು ಇಟ್ಟಳು. ಒಂದು ತಂಬಿಗೆ ನೀರು. ಅದರಿಂದ ಭೂಮಿ ಮುಳುಗುತ್ತದೆಯೇ? ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಅವಳು ನನ್ನ ಕೈಗೂ ಒಂದು ಹೂವು ಕೊಟ್ಟು "ನೀವು ಪುಣ್ಯವಂತ್ರು ಬಿಡ್ರಿ" ಎಂದಿದ್ದಳು. ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಮಿಲ್ಲಿನಲ್ಲಂತೂ ಅದರ ವಿರುದ್ಧಾರ್ಥದ್ದನ್ನೇ ಹೇಳುತ್ತಿದ್ದರು.

ಬಿಸಿಲು ಏರಿತು. ಈ ಸಲ ಮಳೆ ಬೇಗ ಬರಲಿ ಎಂದು ಹರಕೆ ಹೊತ್ತವರು ತಂಬಿಗೆ ಬಿಟ್ಟು ಕೊಡ ತರತೊಡಗಿದರು. ನಾನು ಬೆಳಿಗ್ಗೆ ಎದ್ದು ಕಸ ಗುಡಿಸಿ, ಬಂದವರಿಗೆ ವಿಭೂತಿ ಕೊಡುವ ಮಟ್ಟಕ್ಕೆ ಬಂದಿದ್ದೆ. ನೀರೇನೋ ಬಿಸಿಲಿಗೆ ಬಾಯಿ ಬಿಟ್ಟಿದ್ದ ಎರೆ ಮಣ್ಣಿನ ಬಿರುಕಿನಲ್ಲಿ ಗುಳುಗುಳು ಎಂದು ಇಳಿದು ಕಾಣದಾಗುತ್ತಿತ್ತು. ಕಾಣದಾದ ಮೇಲೆ ಇಲ್ಲ ಎಂದೇ ನನ್ನ ಲೆಕ್ಕ.

ಶನಿವಾರ ಸಂಜೆ ಹೂವು ಪತ್ರಿ ತೆಗೆದು, ಕಲ್ಲು ಒರೆಸಿ, ಸುತ್ತ ಒಣಮಣ್ಣು ಉದುರಿಸಿಬಿಡುತ್ತಿದ್ದೆ. ಭಾನುವಾರದ ಮಟ್ಟಿಗೆ ಯಾರೂ ಬರಬಾರದು, ಅಂದು ದೇವರಿಗೆ ವಿಶ್ರಾಂತಿ ಎಂದು ಓಣಿಗೆಲ್ಲ ತಿಳಿಸಿದ್ದೆ. ಗೌರಿ ಬಂದು ನೋಡುವಾಗ ಅದು ಬರೀ ಅಳತೆಯ ಕಲ್ಲು.

ಮೊದಲು ಅನುಮಾನಪಟ್ಟದ್ದು ಈರಮ್ಮ. ಅನುಮಾನವಲ್ಲ, ಪರಮಾನಂದ. "ಕಾಕಾ, ಇಲ್ಲಿ ಬರ್ರಿ. ಮೊದಲ ಈ ದೇವರ ತಲಿ ಸಲಾಕಿದು ಕೆಳಗಿನ ಗೆರಿ ಹತ್ತಿರ ಇತ್ತು. ಈಗ ನೋಡ್ರಿ. ದೇವರು ಬೆಳೆಯಾಕತ್ತಾನ."

ನೋಡಿದೆ. ಎರಡು ಬೆರಳು ಬೆಳೆದಿದ್ದ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ದೇವರು ಬೆಳೆಯುತ್ತಾನೆ ಎಂದು ಕೇಳಿ ಜನ ಹೆಚ್ಚು ನೀರು ತಂದರು. ಹೆಚ್ಚು ನೀರಿಗೆ ದೇವರು ಇನ್ನೂ ಬೆಳೆದ. ಇನ್ನೂ ಬೆಳೆದದ್ದಕ್ಕೆ ಇನ್ನೂ ಹೆಚ್ಚು ಜನ. ನೀರಿನದು ಬೇರೆ, ಮಣ್ಣಿನದು ಬೇರೆ ಲೆಕ್ಕ ಹಾಕಲು ಬರುವುದಿಲ್ಲ ಎಂದು ಗೌರಿ ಪಡಸಾಲೆಯಲ್ಲಿ ಕೂತು ಹೇಳಿದ್ದು ನನಗೆ ಆಗ ಅರ್ಥವಾಯಿತು. ಅರ್ಥವಾದದ್ದನ್ನು ಯಾರಿಗೂ ಹೇಳುವಂತಿರಲಿಲ್ಲ.

ಸರಿ, ನೀರು ಕಲ್ಲಿನ ಬುಡದಲ್ಲಿ ನಿಲ್ಲದಂತೆ ಮಾಡಿದರಾಯಿತು ಎಂದು ಸಲಿಕೆ ತೆಗೆದುಕೊಂಡು ಒಂದು ಪುಟ್ಟ ಕಾಲುವೆ ತೋಡಿದೆ. ಕಾಲುವೆ ಎಂದ ಮೇಲೆ ಅದು ಎಲ್ಲಿಗಾದರೂ ಹೋಗಬೇಕು. ನಮ್ಮ ಅಡುಗೆಮನೆಯ ಗೋಡೆಯ ಬುಡದಲ್ಲಿ ಒಂದು ಕರಿಬೇವಿನ ಗಿಡ ಒಣಗುತ್ತಿತ್ತು. ಪುಣ್ಯದ ನೀರು ಗಿಡಕ್ಕೂ ಸಿಗಲಿ ಎಂದು ಅತ್ತ ತಿರುಗಿಸಿ, ಗೌರಿಗೆ ಕಾಣದಂತೆ ಮೇಲೆ ಒಣಹುಲ್ಲು ಹರಡಿದೆ. ಗಿಡ ಚಿಗುರಿತು. ಅಡುಗೆಮನೆಯ ಬಾಗಿಲು ಹಾಕಲು ಬಾರದಾಯಿತು. ಬಡಿಗನನ್ನು ಕರೆಸಿ ಕೆಳಗೆ ಹೆರೆಸಿದೆ. ವಾರ ಕಳೆಯುವುದರೊಳಗೆ ಮೇಲೆ ಹಿಡಿಯಿತು. ಮೇಲೆಯೂ ಹೆರೆಸಿದೆ. ಆಮೇಲೆ ಬಾಗಿಲಿನ ಮೂಲೆಯಿಂದ ಗೋಡೆಯಲ್ಲಿ ಒಂದು ಬಿರುಕು ಹೊರಟು, ಓರೆಯಾಗಿ ಮೇಲೇರಿ, ಸಾಸಿವೆ ಡಬ್ಬಿಯ ಹಲಗೆಯವರೆಗೆ ಬಂದು ನಿಂತಿತು.

"ಬಾಗಿಲು ಹೆರಸೋದು ಬಿಟ್ಟು ಬಾಯಿ ಬಿಡ್ರಿ," ಎಂದಳು ಶರಣಮ್ಮ. "ಆ ಹುಡುಗಿಗೆ ನೀವು ಹೇಳ್ತೀರೋ, ನಾ ಹೇಳ್ಲೋ?"

"ಮಳಿ ಬಂದ್ರ ಎಲ್ಲಾ ಒಂದಾಗ್ತದ, ಸುಮ್ಮನಿರು," ಎಂದೆ.

ಆ ಭಾನುವಾರ ಗೌರಿ ಊಟಕ್ಕೆ ಕೂತಳು, ಉಣ್ಣಲಿಲ್ಲ. ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಇಟ್ಟಳು. "ಕಂಪ್ಯೂಟರಿನಾಗ ನೆಲ ಇಳೀತದ, ಇಲ್ಲಿ ಏರ್ತದ. ಮೊದಲ ಸಲಾಕಿ ಸರಿ ಇಲ್ಲೇನೋ ಅಂದ್ಕೊಂಡೆ, ಅದು ಸರಿ ಅದ. ಅಳತಿ ಯಂತ್ರನೂ ಸರಿ ಅದ. ಅಂದ್ರ ನಾ ಬರೆದ ಲೆಕ್ಕನ ತಪ್ಪು. ಮುಂದಿನ ಭಾನುವಾರ ನಮ್ಮ ಸರ್ ತಾವ ಬಂದು ನೋಡ್ತಾರ. ಹಿಂಗ ಇದ್ರ ಇಷ್ಟು ವರ್ಷದ್ದೆಲ್ಲಾ ತಗದಿಟ್ಟು ಹೊಸದಾಗಿ ಶುರು ಮಾಡು ಅಂತ ಹೇಳ್ಯಾರ."

ವೇಲಿನ ಅಂಚಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಮಣ್ಣು ಸುಳ್ಳು ಹೇಳಂಗಿಲ್ಲಲ್ಲ ದೊಡ್ಡಪ್ಪಾ?" ಎಂದು ಕೇಳಿದಳು.

ಹೇಳಿಬಿಡಬೇಕಾಗಿದ್ದ ಕ್ಷಣ ಅದು. ನಾನು ಏನು ಹೇಳಿದೆ ಗೊತ್ತೆ? "ಕಂಪ್ಯೂಟರಿನಾಗ ಧೂಳು ಹೊಕ್ಕಿರಬೇಕು, ಒಂದ ಸಲ ಒರಿಸಿ ನೋಡವ್ವಾ" ಎಂದೆ. ವಿಭೂತಿ ಹಚ್ಚಿದ್ದು, ನೀರು ಹಾಕಿಸಿದ್ದು, ಕಾಲುವೆ ತೋಡಿದ್ದು, ಇವೆಲ್ಲ ನನ್ನ ದಡ್ಡತನ. ಈ ಮಾತು ಮಾತ್ರ ದಡ್ಡತನವಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಶರಣಮ್ಮ ನನ್ನ ತಟ್ಟೆಗೆ ಬಡಿಸಲು ತಂದಿದ್ದ ಪಲ್ಯವನ್ನು ವಾಪಸು ಒಯ್ದಳು.

ಹೇಳುವ ಧೈರ್ಯವಿಲ್ಲದವನು ಸರಿಮಾಡುವ ಧೈರ್ಯ ಮಾಡಿದೆ. ಮುಂದಿನ ಭಾನುವಾರ ಗುರುಗಳು ಬರುವ ಮೊದಲು ಕಲ್ಲನ್ನು ಮೊದಲಿನ ಗೆರೆಗೆ ಇಳಿಸಿಬಿಡುವುದೆಂದು ನಿಶ್ಚಯಿಸಿ, ಅಂದು ಬೆಳಿಗ್ಗೆ ಎದ್ದು ಒಂದು ಅಕ್ಕಿ ಚೀಲ ಹೊತ್ತು ತಂದು ಅದರ ತಲೆಯ ಮೇಲಿಟ್ಟೆ. ಕಲ್ಲು ಗಮನಿಸಲಿಲ್ಲ. ಇನ್ನೊಂದು ಚೀಲ ಹೊರಲು ಸೊಂಟ ಒಪ್ಪಲಿಲ್ಲ. ಚೀಲ ಇಳಿಸಿ, ಆ ಕಡೆ ಈ ಕಡೆ ನೋಡಿ, ಧೋತರ ಮೇಲೆ ಕಟ್ಟಿ, ನಾನೇ ಅದರ ಮೇಲೆ ಕೂತೆ. ಕೂತು ನೋಡಿದೆ. ಸ್ವಲ್ಪ ಎದ್ದೆದ್ದು ಕೂತೆ. ಸಲಾಕೆಯ ಗೆರೆ ನೋಡಲು ಬಗ್ಗಿದಾಗ ಎದುರಿಗೆ ಎರಡು ಪಾದ ಕಂಡವು.

ಈರಮ್ಮ ತುಂಬಿದ ಕೊಡ ಹಿಡಿದು ನಿಂತಿದ್ದಳು. ಅವಳಿಗೆ ಭಾನುವಾರದ ವಿಶ್ರಾಂತಿ ನೆನಪಿರಲಿಲ್ಲ.

"ಯವ್ವಾ, ಬರ್ರೆವಾ ಎಲ್ಲಾರೂ," ಎಂದು ಅವಳು ಓಣಿಯ ಕಡೆ ತಿರುಗಿ ಕೂಗಿದಳು. "ಬಸಣ್ಣ ಕಾಕಾ ದೇವರ ಮ್ಯಾಲ ಕುಂತು ಕುಣಿಯಾಕತ್ತಾರ."

ಏಳಬೇಕು ಎನಿಸಿತು. ಅವಸರಕ್ಕೆ ಮೊಣಕಾಲು ಹಿಡಿದುಕೊಂಡಿತು, ಎದ್ದವನು ಮತ್ತೆ ಕೂತೆ. ಅಷ್ಟರಲ್ಲಿ ಓಣಿಯೇ ಬಂದು ನಿಂತಿತ್ತು.

"ಇವರಿಗೇನು ಬಂತು ಧಾಡಿ? ದಿನಾ ವಿಭೂತಿ ಕೊಟ್ಟ ಕೈ ಇದೇನಾ?"

"ಮಳಿ ಯಾಕ ಬರವಲ್ದು ಅಂತ ಈಗ ತಿಳೀತು ನೋಡ್ರಿ."

ಆಟೋ ಬಂದು ನಿಂತ ಸದ್ದು ನನಗೆ ಕೇಳಲಿಲ್ಲ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಗೌರಿ ಬಂದಳು. ಅವಳ ಹಿಂದೆ ಬಿಳಿ ಅಂಗಿಯ, ತೆಳ್ಳಗಿನ, ಮೆದುಮಾತಿನ ಅವಳ ಗುರುಗಳು. ತಾವು ಪರೀಕ್ಷಿಸಲು ಬಂದ ವೈಜ್ಞಾನಿಕ ಕಲ್ಲಿನ ಮೇಲೆ ಒಬ್ಬ ಮುದುಕ ಕೂತಿರುವುದನ್ನು, ಸುತ್ತ ಕೊಡಗಳು ನಿಂತಿರುವುದನ್ನು ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ದೊಡ್ಡಪ್ಪಾ, ಇದೇನ್ರಿ?" ಎಂದಳು ಗೌರಿ.

ಶರಣಮ್ಮ ಬಾಗಿಲಲ್ಲಿ ನಿಂತು, "ಈಗ ಹೇಳ್ರಿ," ಎಂದಳು. ಅಷ್ಟೇ.

ಹೇಳಿದೆ. ಕೂತಲ್ಲಿಂದಲೇ ಹೇಳಿದೆ. ಎಮ್ಮೆಯಿಂದ ಶುರುಮಾಡಿ, ವಿಭೂತಿ, ತಂಬಿಗೆ, ಕೊಡ, ಶನಿವಾರದ ಸಾರಣೆ, ಎಲ್ಲವನ್ನೂ. ಒಂದು ಕಡೆ ಭಕ್ತರಿಗೆ ಇದು ಅಳತೆಯ ಕಲ್ಲು ಎಂದು ತಿಳಿಯುತ್ತಿತ್ತು. ಇನ್ನೊಂದು ಕಡೆ ಗೌರಿಗೆ ಇದು ಇಷ್ಟು ದಿನ ದೇವರಾಗಿತ್ತು ಎಂದು ತಿಳಿಯುತ್ತಿತ್ತು. ಒಂದೇ ಬಾಯಲ್ಲಿ ಎರಡು ಕಡೆಯವರಿಗೂ ಮೋಸಗಾರನಾಗುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಕೊನೆಗೆ, "ತಪ್ಪು ನಿಂದಲ್ಲವ್ವಾ, ನಂದು. ನಿನ್ನ ಲೆಕ್ಕ ಸರಿ ಅದ," ಎಂದೆ.

ಗೌರಿ ಬೈಯುತ್ತಾಳೆ ಎಂದು ತಲೆ ತಗ್ಗಿಸಿದ್ದೆ. ಅವಳು ಬೈಯಲಿಲ್ಲ. "ದಿನಾ ಎಷ್ಟು ಕೊಡ?" ಎಂದು ಕೇಳಿದಳು. ಅವಳ ದನಿ ಬದಲಾಗಿತ್ತು.

ಗುರುಗಳು ಕಟ್ಟೆಯ ಮೇಲೆ ಕೂತು, ಓಣಿಯವರನ್ನೆಲ್ಲ ಕರೆದು, ಯಾರು ಎಷ್ಟು ನೀರು ಹಾಕಿದಿರಿ ಎಂದು ವಿನಯದಿಂದ ವಿಚಾರಿಸತೊಡಗಿದರು. ಸಿಟ್ಟಾಗಿದ್ದ ಹೆಂಗಸರಿಗೆ ಸಿಟ್ಟು ಮರೆತುಹೋಯಿತು. ತನ್ನದು ದಿನಕ್ಕೆ ಎರಡು ಕೊಡ ಎಂದು ಒಬ್ಬಳು ಹೇಳಿದರೆ, ಅವಳಿಗಿಂತ ಭಕ್ತಿ ಕಡಿಮೆ ಎನಿಸಿಕೊಳ್ಳಲು ಯಾರು ತಯಾರಿದ್ದಾರೆ? ಈರಮ್ಮನ ಲೆಕ್ಕ ಕೇಳಿದರೆ ತುಂಗಭದ್ರೆಯೇ ಈ ಓಣಿಯಲ್ಲಿ ಹರಿದಿರಬೇಕು. ಗೌರಿ ಪಡಸಾಲೆಯಲ್ಲಿ ಕಂಪ್ಯೂಟರು ತೆರೆದು ಆ ನೀರನ್ನೆಲ್ಲ ಅದಕ್ಕೆ ಕುಡಿಸಿದಳು. ಸ್ವಲ್ಪ ಹೊತ್ತು ಅದು ಗೊರಗುಟ್ಟಿತು. ಆ ಲೆಕ್ಕದ ಪ್ರಕಾರ ಕಲ್ಲು ನನ್ನ ಎದೆಮಟ್ಟಕ್ಕೆ ಬೆಳೆದಿರಬೇಕಾಗಿತ್ತು.

"ಸರ್, ಭಕ್ತಿ ಸ್ವಲ್ಪ ಕಮ್ಮಿ ಮಾಡೋಣ್ರಿ," ಎಂದಳು ಗೌರಿ. ಅರ್ಧ ಮಾಡಿದಳು. ಮತ್ತೆ ಅರ್ಧ ಮಾಡಿದಳು. ಕಂಪ್ಯೂಟರಿನ ಕಲ್ಲು ಇಳಿಯುತ್ತ ಇಳಿಯುತ್ತ ನಮ್ಮ ಕಲ್ಲಿನ ಹತ್ತಿರಕ್ಕೆ ಬಂತು. ಪೂರ್ತಿ ಬರಲಿಲ್ಲ.

ಅವಳು ಪರದೆಯ ಮೇಲಿನ ಬಣ್ಣ ಬಣ್ಣದ ಚೌಕಗಳನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಗೋಡೆಯ ಬಿರುಕನ್ನು ನೋಡಿಬಂದಳು. "ದೊಡ್ಡಪ್ಪಾ, ಈ ಕಡೆ ಮಣ್ಣು ಒಣಗಿರಬೇಕು ಅಂತದ ಲೆಕ್ಕ. ಒಣಗಿದ್ರ ಗ್ವಾಡಿ ಹಿಂಗ ಬಿರಿಯಂಗಿಲ್ಲ. ನೀವು ಇನ್ನೂ ಏನರ ಮಾಡೀರೇನು?"

ಪೊಲೀಸರ ಕೈಯಿಂದ ತಪ್ಪಿಸಿಕೊಳ್ಳಬಹುದು. ಚೌಕಾಬಾರದ ಅಷ್ಟು ಮನೆಗಳು ಒಟ್ಟಿಗೆ ಸಾಕ್ಷಿ ಹೇಳಿದರೆ ಎಲ್ಲಿಗೆ ಹೋಗುವುದು? ಕಾಲುವೆಯ ವಿಷಯವನ್ನೂ ಒಪ್ಪಿಕೊಂಡೆ. ಕರಿಬೇವಿನ ಗಿಡವನ್ನು ತೋರಿಸಿದೆ. ಗೌರಿ ಅಷ್ಟು ನೀರನ್ನು ಕಲ್ಲಿನ ಬುಡದಿಂದ ತೆಗೆದು ಗೋಡೆಯ ಬುಡಕ್ಕೆ ಹಾಕಿದಳು. ಕಂಪ್ಯೂಟರು ಮತ್ತೊಮ್ಮೆ ಗೊರಗುಟ್ಟಿ, ನಮ್ಮ ಕಲ್ಲು ಎಷ್ಟು ಏರಿತ್ತೋ ಹೆಚ್ಚೂಕಡಿಮೆ ಅಷ್ಟೇ ಏರಿಸಿ ತೋರಿಸಿತು. ಅಡುಗೆಮನೆಯ ಮೂಲೆಯನ್ನೂ ಎತ್ತಿ ತೋರಿಸಿತು. ಗೌರಿ ಬಾಯಿಗೆ ಕೈ ಅಡ್ಡ ಹಿಡಿದಳು. ಗುರುಗಳು ಅವಳ ಬೆನ್ನು ತಟ್ಟಿ, ಹೊಸದಾಗಿ ಏನೂ ಶುರು ಮಾಡುವುದು ಬೇಡ, ಇದನ್ನೇ ಬರೆದು ಮುಗಿಸು ಎಂದರು.

"ನಾ ಕುಂತಿದ್ದಕ್ಕ ಎಷ್ಟು ಇಳೀತು?" ಎಂದು ನಾನು ಮೆಲ್ಲಗೆ ಕೇಳಿದೆ.

"ಏನೂ ಇಲ್ರಿ. ಮನಿ ಎತ್ತೋ ಮಣ್ಣು ಅದು. ನಿಮ್ಮನ್ನ ಎತ್ತಂಗಿಲ್ಲೇನು?" ಎಂದಳು ಗೌರಿ.

ಗೌರಿ ನೆಮ್ಮದಿಯಿಂದ ಹೋದಳು. ನಾನು ಓಣಿಯಲ್ಲಿ ಉಳಿದೆ. ಈರಮ್ಮ ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಬಂದು, "ನೀರು ಬ್ಯಾಡಾದ್ರ ಬ್ಯಾಡ. ಹೂವು ನಡೀತದೇನು ಕೇಳ್ರಿ ನಿಮ್ಮ ಗೌರಿನ," ಎಂದಳು. ಫೋನು ಮಾಡಿ ಕೇಳಿದೆ. ಹೂವು ನಡೆಯುತ್ತದೆ, ನೀರು ಬೇಡ ಎಂದಳು. ವೈದ್ಯರು ಹೇಳಿದ ಪಥ್ಯದಂತೆ ನಮ್ಮ ಓಣಿಯವರು ಅದನ್ನು ಪಾಲಿಸಿದರು. ನೀರು ನಿಂತ ಮೇಲೆ ಕಲ್ಲು ಕಂಪ್ಯೂಟರು ಹೇಳಿದಂತೆಯೇ ನಿಧಾನವಾಗಿ ಇಳಿಯಿತು. ದೇವರು ಯಾಕೆ ಕುಗ್ಗಿದ ಎಂದು ಹೊಸಬರು ಕೇಳಿದರೆ ಈರಮ್ಮ ನನ್ನ ಮನೆಯ ಕಡೆ ಕೈ ತೋರಿಸುತ್ತಾಳೆ.

ಮೊನ್ನೆ ರಾಯಚೂರಿನಲ್ಲಿ ಗೌರಿ ತನ್ನ ಕೆಲಸವನ್ನು ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ವಿವರಿಸುವ ದಿನ. ನೀವು ಬರಲೇಬೇಕು ಎಂದು ಕರೆದಿದ್ದಳು. ನಾನೂ ಶರಣಮ್ಮನೂ ಇಸ್ತ್ರಿ ಬಟ್ಟೆ ಉಟ್ಟು ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಪರದೆಯ ಮೇಲೆ ಒಂದು ಚಿತ್ರ ಬಂತು. ನೆಲಕ್ಕೆ ನೀರು ಕೊಡುವ, ಕಳೆಯುವ ಸಂಗತಿಗಳು ಒಂದರ ಕೆಳಗೊಂದು ಇದ್ದವು. ಮಳೆ, ಕಾಲುವೆ, ಬಿಸಿಲು, ಇಷ್ಟನ್ನು ಚಿತ್ರ ನೋಡಿ ಗುರುತಿಸಿದೆ. ಎಲ್ಲಕ್ಕಿಂತ ಕೆಳಗೆ, ಅಚ್ಚ ಕನ್ನಡದಲ್ಲಿ, 'ದೊಡ್ಡಪ್ಪ' ಎಂದಿತ್ತು.

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮಳೆ ಬಿಸಿಲುಗಳ ಸಾಲಿನಲ್ಲಿ ನಮ್ಮ ವಂಶದವರು ಯಾರೂ ಇದುವರೆಗೆ ನಿಂತಿರಲಿಲ್ಲ.

ಪರೀಕ್ಷಕರು ಅದನ್ನೇ ತೋರಿಸಿ ಏನೋ ಕೇಳಿದರು. ಗೌರಿ ಏನೋ ಹೇಳಿದಳು. ಸಭೆಯೆಲ್ಲ ನಕ್ಕು, ತಿರುಗಿ ಕೊನೆಯ ಸಾಲನ್ನು ನೋಡಿತು. ನಾನು ಕೈ ಮುಗಿದೆ. ಪಕ್ಕದಲ್ಲಿದ್ದ ಗೌರಿಯ ಗೆಳತಿಯನ್ನು "ಏನಂದ್ಲವ್ವಾ?" ಎಂದು ಕೇಳಿದೆ.

ಅವಳು ಸಂಕೋಚಪಟ್ಟಳು. "ಈ ದೊಡ್ಡಪ್ಪ ಅನ್ನೋದು ಬ್ಯಾರೆ ಊರಿನ ಲೆಕ್ಕಕ್ಕೂ ಬೇಕಾಗ್ತದೇನು ಅಂತ ಕೇಳಿದ್ರು ಅಜ್ಜಾರೆ. ಬ್ಯಾರೆ ಕಡೆ ಎಲ್ಲಾ ದೊಡ್ಡಪ್ಪನ ಕಿಮ್ಮತ್ತು ಸೊನ್ನಿ ಇಡಬೇಕು, ಆಗ ಲೆಕ್ಕ ಸರಿ ಬರ್ತದ ಅಂದ್ಲು."

"ಮಾನ್ವಿಯಾಗೂ ಹಂಗ ಇಟ್ಟಿದ್ರ ನನ್ನ ಅಡಗಿಮನಿ ಗ್ವಾಡಿ ಉಳೀತಿತ್ತು," ಎಂದಳು ಶರಣಮ್ಮ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಸೊನ್ನೆಗೆ ಅಷ್ಟಾದರೂ ಮಾಡಲು ಬರುತ್ತದೆ.